18 ಪಾಯಿಂಟ್ ಸರಿ, ಎಷ್ಟರಾಗ?

ಬಳ್ಳಾರಿ ಕಡೆಯ ಯಾವ ಬಾಸ್ಕೆಟ್‌ಬಾಲ್ ಟೂರ್ನಮೆಂಟಿಗೆ ಹೋದರೂ, ಮ್ಯಾಚ್ ಮುಗಿದ ಮೇಲೆ ಒಗ್ಗರಣಿ-ಮಿರ್ಚಿ ಬಂಡಿಯ ಹತ್ತಿರ ಕೇಳುವ ಮಾತು ಒಂದೇ. ‘ಅವ 18 ಹೊಡದ, ಇವ ಬರೇ 14.’ ಹದಿನೆಂಟು ಹೊಡೆದವನೇ ಅವತ್ತಿನ ಹೀರೊ. ‘ಎಷ್ಟರಾಗ?’, ಅಂದರೆ ಎಷ್ಟು ಶಾಟ್ ಎಸೆದು, ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ. ಹುಡುಗರು ಮರೆತರು ಅಂತಲ್ಲ, ಆ ಲೆಕ್ಕವನ್ನು ಯಾರೂ ಬರೆದೇ ಇರುವುದಿಲ್ಲ.

ಟೇಬಲ್ ಮೇಲಿನ ಅಧಿಕೃತ ಸ್ಕೋರ್ ಶೀಟನ್ನೇ ತೆಗೆದುಕೊಳ್ಳಿ. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ಮಾದರಿಯ ಶೀಟಿನಲ್ಲಿ ಬಾಸ್ಕೆಟ್ ಬಿದ್ದರೆ ಒಟ್ಟು ಅಂಕದ ಮೇಲೆ ಒಂದು ಓರೆಗೆರೆ, ಫ್ರೀ ಥ್ರೋ (ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯದ ಒಂದು ಪಾಯಿಂಟಿನ ಎಸೆತ) ಬಿದ್ದರೆ ತುಂಬಿದ ಚುಕ್ಕೆ, ದೂರದ ಕಮಾನು ಗೆರೆಯ ಹೊರಗಿನಿಂದ ಹೊಡೆದ ಮೂರು ಪಾಯಿಂಟಿನ ಶಾಟ್ ಆಗಿದ್ದರೆ ಆಟಗಾರನ ನಂಬರಿನ ಸುತ್ತ ವೃತ್ತ. ಫೌಲ್, ಟೈಮ್‌ಔಟ್ ಎಲ್ಲಕ್ಕೂ ಮನೆ ಇದೆ. ತಪ್ಪಿದ ಶಾಟ್‌ಗೆ ಮಾತ್ರ ಇಡೀ ಹಾಳೆಯಲ್ಲಿ ಒಂದು ಇಂಚು ಜಾಗವಿಲ್ಲ. ಫ್ರೀ ಥ್ರೋ ವಿಷಯದಲ್ಲಿ ಸ್ವಲ್ಪ ಸುಳಿವು ಸಿಗುತ್ತದೆ: ಎದುರು ತಂಡದ ಫೌಲ್ ಮನೆಯಲ್ಲಿ ಅಕ್ಷರದ ಪಕ್ಕ 1, 2, 3 ಎಂದು ಎಷ್ಟು ಫ್ರೀ ಥ್ರೋ ಕೊಟ್ಟರು ಎಂಬುದು ಇರುತ್ತದೆ. ಆದರೆ ಅದನ್ನು ಹೊಡೆದವನು ಯಾರು ಎಂಬುದು ಅಲ್ಲಿಲ್ಲ. ಹಾಗಾಗಿ ಶೂಟಿಂಗ್ ದಕ್ಷತೆ ಅಳೆಯುವ ಕೆಲಸ ಶುರುವಾಗುವುದು ಸೂತ್ರದಿಂದಲ್ಲ, ಎರಡನೇ ಹಾಳೆಯಿಂದ. ಸೂತ್ರ ಐದನೇ ಕ್ಲಾಸಿನ ಗಣಿತ. ಹಾಳೆ ತುಂಬುವುದೇ ಕಷ್ಟದ ಕೆಲಸ.

ಆ ಹಾಳೆಗೆ ಇಬ್ಬರು ಬೇಕು. ಒಬ್ಬ ನೋಡಿ ಕೂಗುವವ, ಇನ್ನೊಬ್ಬ ಬರೆಯುವವ. ಒಬ್ಬನೇ ಎರಡನ್ನೂ ಮಾಡುತ್ತೇನೆಂದರೆ, ಅವನು ತಲೆ ತಗ್ಗಿಸಿ ಬರೆಯುವ ಎರಡು ಸೆಕೆಂಡಿನಲ್ಲೇ ರೀಬೌಂಡ್ (ತಪ್ಪಿ ಪುಟಿದ ಚೆಂಡು) ಹಿಡಿದವನು ಮತ್ತೊಂದು ಶಾಟ್ ಹಾಕಿ ತಪ್ಪಿಸಿರುತ್ತಾನೆ. ಬಿದ್ದ ಬಾಸ್ಕೆಟ್ ಹೇಗೂ ತಪ್ಪಿಹೋಗುವುದಿಲ್ಲ, ಸೀಟಿ, ಚಪ್ಪಾಳೆ, ಸ್ಕೋರ್ ಬೋರ್ಡ್ ಎಲ್ಲ ನೆನಪಿಸುತ್ತವೆ. ಕಳೆದುಹೋಗುವುದು ಯಾವಾಗಲೂ ಮಿಸ್ಸೇ. ಅಂದರೆ ಹಾಳೆಯ ತಪ್ಪು ಎರಡೂ ಕಡೆ ಸಮನಾಗಿ ಬೀಳುವುದಿಲ್ಲ, ಆಟಗಾರರನ್ನು ಇರುವುದಕ್ಕಿಂತ ಚೆನ್ನಾಗಿಯೇ ತೋರಿಸುತ್ತದೆ.

ಕೂಗುವವನು ಮೂರೇ ಮಾತು ಹೇಳಬೇಕು: ನಂಬರ್, ಎರಡೋ ಮೂರೋ, ಬಿತ್ತೋ ಇಲ್ಲವೋ. ‘ಏಳು, ಮೂರು, ಬಿತ್ತು.’ ‘ಹನ್ನೊಂದು, ಎರಡು, ಇಲ್ಲ.’ ‘ಹೋಯ್ತು’ ಎಂಬ ಮಾತನ್ನು ಮಾತ್ರ ಟೇಬಲ್ ಹತ್ತಿರ ಬಿಟ್ಟುಕೊಳ್ಳಬೇಡಿ. ಅರ್ಧ ಜನಕ್ಕೆ ಅದು ರಿಂಗ್ ಒಳಗೆ ಹೋಯ್ತು, ಇನ್ನರ್ಧಕ್ಕೆ ಕೈ ತಪ್ಪಿ ಹೋಯ್ತು. ಕೂಗುವವನು ಟೇಬಲ್ ಹಿಂದೆ ಕೂರುವ ಬದಲು ಸೈಡ್‌ಲೈನ್ ಪಕ್ಕ ನಿಲ್ಲುವುದು ಒಳ್ಳೆಯದು. ನಮ್ಮ ಊರುಗಳ ಹೊರಾಂಗಣ ಕೋರ್ಟ್‌ಗಳಲ್ಲಿ ರಿಂಗ್‌ಗೆ ನೆಟ್ ಇದ್ದರೆ ಪುಣ್ಯ. ನೆಟ್ ಇಲ್ಲದ ರಿಂಗ್‌ನೊಳಗೆ ಸಲೀಸಾಗಿ ಇಳಿದ ಚೆಂಡಿಗೂ, ರಿಂಗಿನ ಮುಂದೆ ನಾಲ್ಕು ಬೆರಳು ದೂರದಲ್ಲಿ, ರಿಂಗನ್ನೇ ಮುಟ್ಟದೆ ಬಿದ್ದ ಏರ್‌ಬಾಲ್‌ಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಎರಡೋ ಮೂರೋ ಎಂಬ ಅನುಮಾನ ಬಂದರೆ ಆಟಗಾರನ ಕಾಲು ನೋಡಬೇಡಿ, ರೆಫರಿಯ ಕೈ ನೋಡಿ. ಮೂರರ ಪ್ರಯತ್ನಕ್ಕೆ ಅವರು ಮೂರು ಬೆರಳು ತೋರಿಸಿ ಒಂದು ಕೈ ಎತ್ತುತ್ತಾರೆ, ಬಿದ್ದರೆ ಎರಡೂ ಕೈ.

ಹಾಳೆಗೆ ಗೆರೆ ಹಾಕಿದ ಎ-ಫೋರ್ ಸಾಕು, ಅಡ್ಡಲಾಗಿ ಹಿಡಿದು ಪ್ರತಿ ಆಟಗಾರನಿಗೆ ಒಂದು ಸಾಲು. ಶಾಟ್ ಹಾಕಿದಾಗ 2 ಅಥವಾ 3 ಎಂದು ಬರೆಯಿರಿ. ಬಿದ್ದರೆ ಅದರ ಸುತ್ತ ಸೊನ್ನೆ ಸುತ್ತಿ, ತಪ್ಪಿದರೆ ಹಾಗೇ ಬಿಡಿ. ಫ್ರೀ ಥ್ರೋಗೆ ಲೈನಿಗೆ ಹೋದಾಗಲೆಲ್ಲ ಒಂದು ಕಂಸ ತೆರೆದು, ಬಿದ್ದದ್ದಕ್ಕೆ ತುಂಬಿದ ಚುಕ್ಕೆ, ತಪ್ಪಿದ್ದಕ್ಕೆ ಖಾಲಿ ಸೊನ್ನೆ, ಕಂಸ ಮುಚ್ಚಿ: (●○). ಬಾಸ್ಕೆಟ್ ಬಿದ್ದು ಜೊತೆಗೆ ಫೌಲ್ ಸಿಕ್ಕು ಒಂದು ಫ್ರೀ ಥ್ರೋ ಬಂದರೆ ಕಂಸ ಬೇಡ. ಆ ಸುತ್ತಿದ 2ರ ಪಕ್ಕದಲ್ಲೇ ಕೂಡಿಸುವ ಚಿಹ್ನೆ ಹಾಕಿ ಚುಕ್ಕೆ ಇಡಿ. ಟೆಕ್ನಿಕಲ್ ಫೌಲ್‌ನ (ಅಶಿಸ್ತಿನಂಥ, ಮೈ ತಾಗದ ತಪ್ಪಿನ) ಫ್ರೀ ಥ್ರೋಗೂ ಕಂಸ ಬೇಡ, ಮುಂದೆ ಒಂದು ‘ಟೆ’ ಸಾಕು. ಈ ಕಂಸದ ಶಿಸ್ತು ಈಗ ಅತಿ ಅನ್ನಿಸಬಹುದು, ಮುಂದೆ ಇದೇ ಕೈಹಿಡಿಯುತ್ತದೆ. ಪೆನ್ ಬಣ್ಣಕ್ಕೆ ಅಧಿಕೃತ ಶೀಟಿನ ಪದ್ಧತಿಯನ್ನೇ ಅನುಸರಿಸಿ: ಒಂದನೇ, ಮೂರನೇ ಕ್ವಾರ್ಟರ್‌ಗೆ ಕೆಂಪು, ಎರಡನೇ, ನಾಲ್ಕನೇ ಕ್ವಾರ್ಟರ್‌ಗೆ ನೀಲಿ ಅಥವಾ ಕಪ್ಪು.

ಯಾವುದನ್ನು ಶಾಟ್ ಎಂದು ಎಣಿಸಬೇಕು ಎಂಬುದರಲ್ಲೇ ಹೆಚ್ಚು ಗೊಂದಲ. ಶಾಟ್ ಹಾಕುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದು ಶಾಟ್ ಅಲ್ಲ, ಬರೆಯಬೇಡಿ, ಕಂಸ ಮಾತ್ರ. ಅದೇ ಚೆಂಡು ಬಿದ್ದರೆ ಅದು ಶಾಟ್ ಹೌದು, ಬಾಸ್ಕೆಟ್ಟೂ ಹೌದು. ಬ್ಲಾಕ್ ಆದದ್ದು ಮಿಸ್. ರಿಂಗ್ ಕೆಳಗೆ ಒಬ್ಬನೇ ಮೂರು ಸಲ ತಟ್ಟಿ ಮೂರನೆಯದಕ್ಕೆ ಹಾಕಿದರೆ ಮೂರರಲ್ಲಿ ಒಂದು. ಇದನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ. ‘ಪಾಪ, ಕಷ್ಟಪಟ್ಟು ಹಾಕ್ಯಾನ’ ಎಂಬ ಕನಿಕರ. ಕನಿಕರಪಟ್ಟರೆ ಆ ಎರಡು ಆಫೆನ್ಸಿವ್ ರೀಬೌಂಡ್‌ಗಳೂ (ತಮ್ಮದೇ ತಂಡದ ಮಿಸ್ ಆದ ಚೆಂಡನ್ನು ಮತ್ತೆ ಹಿಡಿದದ್ದು) ಲೆಕ್ಕದಿಂದ ಹೋಗುತ್ತವೆ, ಅವನಿಗೇ ನಷ್ಟ. ಕೈಯಿಂದ ಚೆಂಡು ಬಿಡುವ ಮೊದಲೇ ಆಫೆನ್ಸಿವ್ ಫೌಲ್ ಕೊಟ್ಟರೆ ಶಾಟ್ ಇಲ್ಲ, ಟರ್ನೋವರ್, ಅಂದರೆ ಶಾಟ್ ಹಾಕದೆಯೇ ಚೆಂಡು ಕಳೆದದ್ದು. ಇನ್ನೊಂದು ವಿಚಿತ್ರ: ಯಾರಾದರೂ ಗಡಿಬಿಡಿಯಲ್ಲಿ ತಮ್ಮದೇ ರಿಂಗ್‌ಗೆ ಹಾಕಿಬಿಟ್ಟರೆ ಆ 2 ಪಾಯಿಂಟ್ ಅಧಿಕೃತ ಶೀಟಿನಲ್ಲಿ ಎದುರು ತಂಡದ ಕೋರ್ಟ್‌ನಲ್ಲಿರುವ ಕ್ಯಾಪ್ಟನ್ ಹೆಸರಿಗೆ ಹೋಗುತ್ತದೆ. ಶೀಟಿನಿಂದ ಅಂಕ ಎತ್ತಿಕೊಂಡರೆ, ಶಾಟೇ ಹಾಕದ ಕ್ಯಾಪ್ಟನ್‌ಗೆ ಪುಕ್ಕಟೆ ದಕ್ಷತೆ.

ಹಾಳೆ ಸರಿಯಿದೆಯೇ ಎಂದು ನೋಡಲು ಎರಡು ತಾಳೆ ಇವೆ. ಮೊದಲನೆಯದು ಎಲ್ಲರಿಗೂ ಗೊತ್ತು: ಪ್ರತಿ ಕ್ವಾರ್ಟರ್ ಮುಗಿದಾಗ ಸುತ್ತಿದ 2, ಸುತ್ತಿದ 3, ಚುಕ್ಕೆ ಕೂಡಿಸಿ ಸ್ಕೋರ್ ಬೋರ್ಡ್‌ಗೆ ತಾಳೆ ನೋಡುವುದು. ಆದರೆ ಇದು ಬಿದ್ದದ್ದನ್ನಷ್ಟೇ ಪರೀಕ್ಷಿಸುತ್ತದೆ. ಮಿಸ್‌ಗಳ ತಾಳೆಗೆ ಬೇರೆ ದಾರಿ. ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಒಂದು ಸಲ ನಮ್ಮದು, ಒಂದು ಸಲ ಅವರದು. ಇಡೀ ಮ್ಯಾಚಿನಲ್ಲಿ ಎರಡೂ ತಂಡಗಳ ಸರದಿ ಹೆಚ್ಚುಕಡಿಮೆ ಸಮ, ಎರಡರ ಮೇಲೆ ವ್ಯತ್ಯಾಸ ಬರುವುದು ಅಪರೂಪ. ಸರದಿಯ ಲೆಕ್ಕ ಹೀಗೆ: ಶಾಟ್‌ಗಳಿಂದ ಆಫೆನ್ಸಿವ್ ರೀಬೌಂಡ್ ಕಳೆದು, ಟರ್ನೋವರ್ ಮತ್ತು ಕಂಸಗಳನ್ನು ಕೂಡಿಸಿ. ಒಂದು ತಂಡ 58 ಶಾಟ್, 12 ಆಫೆನ್ಸಿವ್ ರೀಬೌಂಡ್, 17 ಟರ್ನೋವರ್, 9 ಕಂಸ ಎಂದರೆ 72. ಎದುರಿನವರು 49 ಶಾಟ್, 8 ರೀಬೌಂಡ್, 20 ಟರ್ನೋವರ್, 6 ಕಂಸ ಎಂದರೆ 67. ಐದರ ಅಂತರ ಬಂತೆಂದರೆ ಆಟ ತಪ್ಪಿಲ್ಲ, ಹಾಳೆ ತಪ್ಪಿದೆ. ಎದುರು ತಂಡದ ನಾಲ್ಕೈದು ಮಿಸ್ ಅಥವಾ ಟರ್ನೋವರ್ ಎಲ್ಲೋ ಬಿದ್ದುಹೋಗಿವೆ. ಮೊಬೈಲ್‌ನಲ್ಲಿ ವಿಡಿಯೊ ಇದ್ದರೆ ಹುಡುಕಿ. ಇಲ್ಲದಿದ್ದರೆ ಆ ಮ್ಯಾಚಿನ ಶೇಕಡಾವಾರನ್ನು ಯಾರಿಗೂ ಹೇಳಬೇಡಿ.

ಈಗ ಲೆಕ್ಕ. ಮೊದಲು ಹೇಳಿದ 18ರವನು ಮತ್ತು 14ರವನನ್ನೇ ಇಟ್ಟುಕೊಳ್ಳೋಣ. 7ನೇ ನಂಬರ್‌ನವನ 19 ಶಾಟ್‌ನಲ್ಲಿ 7 ಬಿದ್ದಿವೆ, ಅದರಲ್ಲಿ ಮೂರರ ಶಾಟ್ 9ಕ್ಕೆ 2, ಫ್ರೀ ಥ್ರೋ 2ಕ್ಕೆ 2. 11ನೇ ನಂಬರ್‌ನವನು 7ಕ್ಕೆ 4, ಮೂರರ ಶಾಟ್ ಹಾಕಿಯೇ ಇಲ್ಲ, ಫ್ರೀ ಥ್ರೋ 9ಕ್ಕೆ 6.

ಹಳೆಯ ಅಳತೆ ಫೀಲ್ಡ್ ಗೋಲ್ ಪರ್ಸೆಂಟೇಜ್: ಬಿದ್ದ ಶಾಟ್‌ಗಳನ್ನು, ಹಾಕಿದ ಒಟ್ಟು ಶಾಟ್‌ಗಳಿಂದ ಭಾಗಿಸಿ. 7ರವನಿಗೆ ಶೇ. 36.8, 11ರವನಿಗೆ ಶೇ. 57.1. ಇದರ ದೋಷ ಗೊತ್ತಿರುವುದೇ, ಎರಡರ ಬಾಸ್ಕೆಟ್ಟನ್ನೂ ಮೂರರ ಬಾಸ್ಕೆಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅದನ್ನು ಸರಿಪಡಿಸುವುದು ಇಫೆಕ್ಟಿವ್ ಫೀಲ್ಡ್ ಗೋಲ್. ಬಿದ್ದ ಒಟ್ಟು ಬಾಸ್ಕೆಟ್‌ಗೆ, ಬಿದ್ದ ಮೂರರ ಶಾಟ್‌ಗಳ ಅರ್ಧವನ್ನು ಸೇರಿಸಿ, ಹಾಕಿದ ಶಾಟ್‌ಗಳಿಂದ ಭಾಗಿಸಿ. 7ರವನಿಗೆ 7 ಮತ್ತು 1 ಸೇರಿ 8, ಅದನ್ನು 19ರಿಂದ ಭಾಗಿಸಿದರೆ ಶೇ. 42.1. 11ರವನದು ಬದಲಾಗುವುದಿಲ್ಲ. ಮೂರರ ಶಾಟ್ ಶೇ. 33.3 ಬಿದ್ದರೆ ಎರಡರ ಶಾಟ್ ಶೇ. 50 ಬಿದ್ದದ್ದಕ್ಕೆ ಸಮ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಇಷ್ಟಾದರೂ ಫ್ರೀ ಥ್ರೋ ಹೊರಗೇ ಉಳಿಯಿತು. ಅದನ್ನೂ ಒಳಗೆ ತರುವುದು ಟ್ರೂ ಶೂಟಿಂಗ್. ಒಟ್ಟು ಪಾಯಿಂಟನ್ನು, ಶಾಟ್ ಮತ್ತು ಲೈನಿಗೆ ಹೋದ ಸರದಿ ಎರಡೂ ಸೇರಿದ ಅವಕಾಶಗಳ ಎರಡು ಪಟ್ಟಿನಿಂದ ಭಾಗಿಸುವುದು. 7ರವನಿಗೆ 19 ಶಾಟ್, 1 ಕಂಸ, ಒಟ್ಟು 20 ಅವಕಾಶ. 18ನ್ನು 40ರಿಂದ ಭಾಗಿಸಿದರೆ ಶೇ. 45. 11ರವನ 9 ಫ್ರೀ ಥ್ರೋಗಳಲ್ಲಿ 4 ಕಂಸ (ಎರಡೆರಡರಂತೆ 8), ಉಳಿದ ಒಂದು ಬಾಸ್ಕೆಟ್ ಜೊತೆ ಬಂದದ್ದು. ಅಂದರೆ 7 ಶಾಟ್, 4 ಕಂಸ, 11 ಅವಕಾಶ. 14ನ್ನು 22ರಿಂದ ಭಾಗಿಸಿದರೆ ಶೇ. 63.6. ಹುಡುಗರಿಗೆ ಹೇಳುವಾಗ ಎರಡು ಪಟ್ಟಿನ ಗೋಜು ಬಿಟ್ಟು, ಒಂದು ಅವಕಾಶಕ್ಕೆ ಎಷ್ಟು ಪಾಯಿಂಟ್ ಎಂದು ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಕ್ರಿಕೆಟ್ಟಿನ ಸ್ಟ್ರೈಕ್ ರೇಟ್ ಗೊತ್ತಿಲ್ಲದವರು ಯಾರಿದ್ದಾರೆ? ಹೀರೊನದು 0.90, ‘ಬರೇ 14’ರವನದು 1.27.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಸೂತ್ರದಲ್ಲಿ ಕಂಸದ ಮಾತಿಲ್ಲ. ಅಲ್ಲಿ ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ ಶಾಟ್‌ಗೆ ಕೂಡಿಸಿ ಎಂದಿರುತ್ತದೆ. ಈ 0.44 ಎಲ್ಲಿಂದ ಬಂತು ಎಂದು ಕೇಳದೆ ಎಲ್ಲರೂ ಬಳಸುತ್ತಾರೆ. ಎಲ್ಲ ಫೌಲಿಗೂ ಎರಡೆರಡು ಫ್ರೀ ಥ್ರೋ ಇದ್ದಿದ್ದರೆ ಒಂದು ಫ್ರೀ ಥ್ರೋ ಅಂದರೆ ಅರ್ಧ ಅವಕಾಶ, 0.50. ಆದರೆ ಬಾಸ್ಕೆಟ್ ಜೊತೆಗಿನ ಒಂದು ಫ್ರೀ ಥ್ರೋಗೆ ಹೊಸ ಅವಕಾಶ ಖರ್ಚಾಗುವುದಿಲ್ಲ, ಟೆಕ್ನಿಕಲ್‌ಗೂ ಇಲ್ಲ. ಮೂರರ ಶಾಟ್‌ಗೆ ಫೌಲ್ ಆದರೆ ಮೂರು ಫ್ರೀ ಥ್ರೋಗೆ ಒಂದೇ ಅವಕಾಶ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಇವೆಲ್ಲ ಬೆರೆತು ಸರಾಸರಿ 0.44ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಒಬ್ಬ ಆಟಗಾರ ಒಂದು ಋತುವಿನಲ್ಲಿ ನೂರಾರು ಫ್ರೀ ಥ್ರೋ ಹಾಕುತ್ತಾನೆ, ಸರಾಸರಿ ನಡೆಯುತ್ತದೆ. ನಮ್ಮ ಎರಡು ದಿನದ ಟೂರ್ನಮೆಂಟಿಗೆ ನಡೆಯುವುದಿಲ್ಲ.

ಉದಾಹರಣೆಗೆ, ಒಬ್ಬ ಗಟ್ಟಿ ಸೆಂಟರ್ (ರಿಂಗ್ ಹತ್ತಿರ ಆಡುವವ) 10 ಶಾಟ್‌ಗೆ 6 ಹಾಕಿದ, ಎಲ್ಲವೂ ಎರಡರವು. ಫ್ರೀ ಥ್ರೋ 5ಕ್ಕೆ 4. ಒಟ್ಟು 16 ಪಾಯಿಂಟ್. ಆ ಐದರಲ್ಲಿ ಮೂರು ಬಾಸ್ಕೆಟ್ ಜೊತೆಗೆ ಬಂದವು, ಒಂದೇ ಸಲ ಎರಡು ಫ್ರೀ ಥ್ರೋಗೆ ಲೈನಿಗೆ ಹೋದದ್ದು. ಕಂಸದ ಲೆಕ್ಕದಲ್ಲಿ ಅವಕಾಶ 11, ಟ್ರೂ ಶೂಟಿಂಗ್ ಶೇ. 72.7. 0.44 ಹಾಕಿದರೆ ಅವಕಾಶ 12.2, ಟ್ರೂ ಶೂಟಿಂಗ್ ಶೇ. 65.6. ಫೌಲ್ ತಿಂದರೂ ಚೆಂಡು ಹಾಕುವವನೇ ತಂಡಕ್ಕೆ ಬಂಗಾರ, ಸೂತ್ರ ಅವನಿಂದಲೇ ಶೇಕಡಾವಾರಿನ ಏಳು ಅಂಕ ಕಿತ್ತುಕೊಂಡಿತು. ಕಂಸ ಎಣಿಸಲು ಬಿಡಿಗಾಸು ಖರ್ಚಿಲ್ಲ. ಇದ್ದಾಗ ಅದನ್ನೇ ಬಳಸಿ. ಹಳೆಯ ಮ್ಯಾಚಿನ ಬರೀ ಅಂಕಿಗಳು ಮಾತ್ರ ಕೈಯಲ್ಲಿದ್ದರೆ ಆಗ 0.44.

ಮೂರು ಅಳತೆಗಳು ಒಬ್ಬೊಬ್ಬ ಆಟಗಾರನನ್ನು ಎಷ್ಟು ಬೇರೆ ಬೇರೆಯಾಗಿ ತೋರಿಸುತ್ತವೆ ಎಂಬುದಕ್ಕೆ ಎನ್‌ಬಿಎಯ ಎರಡು ಋತುಗಳು ಸಾಕು. 1999–2000ರಲ್ಲಿ ಶಾಕೀಲ್ ಓನೀಲ್ 1665 ಶಾಟ್‌ಗೆ 956 ಹಾಕಿದ, ಶೇ. 57.4. 2015–16ರಲ್ಲಿ ಸ್ಟೀಫನ್ ಕರ್ರಿ 1598ಕ್ಕೆ 805, ಶೇ. 50.4. ಹಳೆಯ ಅಳತೆಯಲ್ಲಿ ಶಾಕ್ ಏಳು ಅಂಕ ಮೇಲೆ. ಕರ್ರಿಯ 805ರಲ್ಲಿ 402 ಮೂರರವು. ಅದನ್ನು ಸೇರಿಸಿದರೆ ಇಫೆಕ್ಟಿವ್ ಶೇ. 63. ಶಾಕ್ ಮೂರರ ಶಾಟ್ ಹಾಕುವವನೇ ಅಲ್ಲ, 57.4ರಲ್ಲೇ ನಿಂತ. ಇನ್ನು ಫ್ರೀ ಥ್ರೋ: ಕರ್ರಿ 400ಕ್ಕೆ 363, ಶಾಕ್ 824ಕ್ಕೆ 432. ಟ್ರೂ ಶೂಟಿಂಗ್‌ನಲ್ಲಿ ಕರ್ರಿ ಶೇ. 66.9, ಶಾಕ್ ಶೇ. 57.8. ಶಾಕ್‌ನ ಮಾಮೂಲಿ ಶಾಟ್ ಒಂದಕ್ಕೆ 1.15 ಪಾಯಿಂಟ್, ಎರಡು ಫ್ರೀ ಥ್ರೋಗೆ 1.05. ಎದುರಾಳಿಗಳು ಬೇಕೆಂದೇ ಅವನಿಗೆ ಫೌಲ್ ಮಾಡುತ್ತಿದ್ದುದು ಈ ಹತ್ತು ಪೈಸೆಯ ವ್ಯತ್ಯಾಸಕ್ಕೇ. ಆದರೆ ಶಾಕ್‌ನ 57.8ನ್ನು ಇವತ್ತಿನ ಕಣ್ಣಿನಲ್ಲಿ ನೋಡಬಾರದು. ಆ ಋತುವಿನ ಲೀಗ್ ಸರಾಸರಿ ಸುಮಾರು 52 ಇತ್ತು, ಇತ್ತೀಚೆಗೆ ಅದು 57–58ಕ್ಕೆ ಏರಿದೆ. ಟ್ರೂ ಶೂಟಿಂಗ್ ಅಂಕಿಯನ್ನು ಒಂಟಿಯಾಗಿ ಹೇಳಿದರೆ ಅರ್ಥ ಕಡಿಮೆ. ಅದೇ ಟೂರ್ನಮೆಂಟಿನ, ಅದೇ ವಯೋಮಾನದ ಸರಾಸರಿಯನ್ನು ಪಕ್ಕದಲ್ಲಿಡಬೇಕು.

ದೊಡ್ಡ ಸ್ಕೋರುಗಳಿಗೂ ಇದೇ ತಕ್ಕಡಿ. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲಿನ್ 100 ಹೊಡೆದದ್ದು 63 ಶಾಟ್‌ಗೆ 36, ಫ್ರೀ ಥ್ರೋ 32ಕ್ಕೆ 28. 2006ರ ಜನವರಿ 22ರಂದು ಕೋಬಿ ಬ್ರಯಾಂಟ್ 81 ಹೊಡೆದದ್ದು 46ಕ್ಕೆ 28, ಅದರಲ್ಲಿ 7 ಮೂರರವು, ಫ್ರೀ ಥ್ರೋ 20ಕ್ಕೆ 18. ಇಲ್ಲಿ ಕಂಸವಿಲ್ಲ, 0.44ರಿಂದಲೇ ನೋಡಿದರೆ ವಿಲ್ಟ್ ಶೇ. 64.9, ಕೋಬಿ ಶೇ. 73.9. ವಿಲ್ಟ್ ಕಾಲದಲ್ಲಿ ಮೂರರ ಗೆರೆಯೇ ಇರಲಿಲ್ಲ. ಎನ್‌ಬಿಎಗೆ ಅದು ಬಂದದ್ದು 1979–80ರಲ್ಲಿ.

ಗೆರೆಯ ಮಾತು ಬಂತು, ನಮ್ಮ ಕೋರ್ಟ್‌ಗಳ ಗೆರೆ ನೋಡೋಣ. ಫಿಬಾ 2010ರಲ್ಲಿ ಮೂರರ ಗೆರೆಯನ್ನು 6.25 ಮೀಟರ್‌ನಿಂದ 6.75ಕ್ಕೆ ಸರಿಸಿತು. ಹಳೆಯ ಸಿಮೆಂಟ್ ಕೋರ್ಟ್‌ನಲ್ಲಿ ಹಳೆಯ ಗೆರೆಯ ಮೇಲೆಯೇ ಮತ್ತೆ ಬಣ್ಣ ಹೊಡೆದಿದ್ದರೆ, ಅಲ್ಲಿ ತೆಗೆದ ಮೂರರ ಶೇಕಡಾವಾರು ಬೇರೆ ಊರಿನ ಕೋರ್ಟ್‌ನಲ್ಲಿ ಉಳಿಯುವುದಿಲ್ಲ. ಅರ್ಧ ಮೀಟರ್ ಕಡಿಮೆ ಮಾತಲ್ಲ. ಅಳೆಯುವುದು ಸುಲಭ. ರಿಂಗಿನ ಮಧ್ಯಕ್ಕೆ ಸರಿಯಾಗಿ ದಾರದಲ್ಲಿ ಕಲ್ಲು ಕಟ್ಟಿ ತೂಗುಬಿಡಿ, ಕಲ್ಲು ನೆಲ ಮುಟ್ಟುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಗುರುತು ಎಂಡ್‌ಲೈನಿನ ಒಳಅಂಚಿನಿಂದ 1.575 ಮೀಟರ್ ಇರಬೇಕು. ಅಲ್ಲಿಂದ ಟೇಪ್ ಹಿಡಿದು ಕಮಾನಿನ ಹೊರಅಂಚಿಗೆ 6.75. ಮೂಲೆಗಳಲ್ಲಿ ಗೆರೆ ನೇರವಾಗುತ್ತದೆ, ಅಲ್ಲಿ ಸೈಡ್‌ಲೈನಿನ ಒಳಅಂಚಿನಿಂದ 0.90 ಮೀಟರ್, ರಿಂಗಿನ ಮಧ್ಯದಿಂದ 6.60. ಹಾಗಾಗಿ ಮೂಲೆಯ ಮೂರು 15 ಸೆಂಟಿಮೀಟರ್ ಹತ್ತಿರ. ಫ್ರೀ ಥ್ರೋ ಲೈನ್ ಬೋರ್ಡಿನ ಮುಖದಿಂದ 4.60.

ರಿಂಗಿನ ಎತ್ತರ 3.05 ಮೀಟರ್. ಇದು ಎರಡು ರೀತಿ ಕೆಡುತ್ತದೆ. ಕೋರ್ಟ್ ಬಿರುಕುಬಿಟ್ಟಿತೆಂದು ಮೇಲೆ ಹೊಸ ಕಾಂಕ್ರೀಟ್ ಹಾಸಿದಾಗ ಕಂಬ ಎತ್ತಿಸದಿದ್ದರೆ ರಿಂಗ್ ಅಷ್ಟು ತಗ್ಗುತ್ತದೆ. ಎರಡನೆಯದು ಹುಡುಗರು ಜೋತುಬಿದ್ದು ಮುಂಭಾಗ ಬಾಗುವುದು. ರಿಂಗಿನ ಮೇಲೆ ಹಿಂದುಮುಂದಾಗಿ ಒಂದು ನೇರ ಪಟ್ಟಿ ಇಟ್ಟು ಗಾರೆಯವರ ರಸಮಟ್ಟ ಇಟ್ಟರೆ ಗುಳ್ಳೆ ಹೇಳಿಬಿಡುತ್ತದೆ. ಮುಂದಕ್ಕೆ ಬಾಗಿದ ರಿಂಗ್ ನೇರವಾಗಿ ಬಂದ ಶಾಟ್‌ಗಳನ್ನು ಕರುಣೆಯಿಂದ ಒಳಗೆ ಸೇರಿಸಿಕೊಳ್ಳುತ್ತದೆ. ಅದನ್ನೇ ನಂಬಿ ಚಪ್ಪಟೆ ಕಮಾನಿನಲ್ಲಿ ಹೊಡೆಯುವ ಅಭ್ಯಾಸ ಬೆಳೆದುಬಿಡುತ್ತದೆ.

ಈ ಕಾರಣಕ್ಕೇ ಹಾಳೆಯಲ್ಲಿ ಎರಡು ರಿಂಗ್‌ಗಳನ್ನು ಬೇರೆ ಬೇರೆ ಗುರುತಿಸಿ. ‘ಎ’, ‘ಬಿ’ ಎಂದು ಬರೆಯುವುದಕ್ಕಿಂತ ‘ಗುಡ್ಡದ ಕಡೆ’, ‘ರಸ್ತೆ ಕಡೆ’ ಎಂದು ಬರೆದರೆ ಯಾರಿಗೂ ತಪ್ಪುವುದಿಲ್ಲ. ಅರ್ಧದಲ್ಲಿ ತಂಡಗಳು ರಿಂಗ್ ಬದಲಿಸುತ್ತವೆ, ಪೆನ್ ಬಣ್ಣ ಹೇಗೂ ಕ್ವಾರ್ಟರ್ ಹೇಳುತ್ತದೆ, ಹೆಚ್ಚಿನ ಕೆಲಸವೇನಿಲ್ಲ. ಹೊರಾಂಗಣ ಕೋರ್ಟ್ ಉತ್ತರ-ದಕ್ಷಿಣವಾಗಿ ಇರಬೇಕೆನ್ನುವುದು ಸೂರ್ಯನಿಗಾಗಿ. ಜಾಗ ಸಿಕ್ಕ ಹಾಗೆ ಪೂರ್ವ-ಪಶ್ಚಿಮವಾಗಿ ಕಟ್ಟಿದ ಕೋರ್ಟ್‌ನಲ್ಲಿ ಸಂಜೆ ಐದರ ಮ್ಯಾಚ್ ಎಂದರೆ ಪಶ್ಚಿಮದ ರಿಂಗ್‌ಗೆ ಹೊಡೆಯುವವನ ಕಣ್ಣಿಗೆ ನೇರ ಬಿಸಿಲು. ಆಷಾಢದ ಗಾಳಿ ಇನ್ನೊಂದು. ಕೊಪ್ಪಳದ ಕಡೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲವಲ್ಲ. ಮೂರರ ಶಾಟ್ ಒಂದು ಕಡೆ ಶೇ. 35, ಇನ್ನೊಂದು ಕಡೆ ಶೇ. 20 ಬಂದರೆ ಹುಡುಗನ ಮೊಣಕೈ ತಿದ್ದುವ ಮೊದಲು ಆಕಾಶ ನೋಡಿ.

ಚೆಂಡನ್ನೂ ನೋಡಿ. ಪುರುಷರಿಗೆ 7ನೇ ಸೈಜ್, ಮಹಿಳೆಯರಿಗೆ 6. ಹುಡುಗಿಯರ ತಂಡಕ್ಕೆ ಇದ್ದ ಒಂದೇ 7ನೇ ಸೈಜ್ ಚೆಂಡು ಕೊಟ್ಟು ಪ್ರಾಕ್ಟೀಸ್ ಮಾಡಿಸಿ, ಮ್ಯಾಚಿನಲ್ಲಿ 6 ಕೈಗೆ ಬಂದಾಗ ಎಲ್ಲ ಶಾಟ್ ರಿಂಗಿನ ಹಿಂಭಾಗಕ್ಕೆ ಬಡಿಯುವುದರಲ್ಲಿ ಅಚ್ಚರಿಯಿಲ್ಲ. ಗಾಳಿಯ ಲೆಕ್ಕ ಇನ್ನೂ ಸೂಕ್ಷ್ಮ. ಬೆಳಿಗ್ಗೆ 22 ಡಿಗ್ರಿಯಲ್ಲಿ 8 ಪಿಎಸ್ಐ ಒತ್ತಡಕ್ಕೆ ಗಾಳಿ ತುಂಬಿದ ಚೆಂಡು ಬಳ್ಳಾರಿಯ ಮಧ್ಯಾಹ್ನ 40 ಡಿಗ್ರಿಗೆ ಬಂದಾಗ, ಒಳಗಿನ ಗಾಳಿ ಕಾದು, 9.3ರ ಆಸುಪಾಸು ತಲುಪುತ್ತದೆ. ಅಂಥ ಚೆಂಡು ರಿಂಗ್ ತಾಗಿದರೆ ಪುಟಿದು ಆಚೆಗೇ ಹೋಗುತ್ತದೆ, ರಿಂಗ್ ಮೇಲೆ ಕುಣಿದು ಒಳಗೆ ಬೀಳುವ ಅದೃಷ್ಟದ ಬಾಸ್ಕೆಟ್‌ಗಳು ನಿಂತುಹೋಗುತ್ತವೆ. ಆಟದ ಹೊತ್ತಿನಲ್ಲೇ ಗೇಜ್ ಹಾಕಿ. ಗೇಜ್ ಇಲ್ಲದಿದ್ದರೆ 1.8 ಮೀಟರ್ ಎತ್ತರದಿಂದ ಬಿಟ್ಟು ನೋಡುವ ಹಳೆಯ ಪರೀಕ್ಷೆ ಇದೆ, ಪುಟಿದ ಚೆಂಡಿನ ನೆತ್ತಿ 1.2ರಿಂದ 1.4 ಮೀಟರ್ ನಡುವೆ ಬರಬೇಕು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳಿಗೆ ಮಾತ್ರ ಒದ್ದೆ ಬಟ್ಟೆಯೇ ಗತಿ, ಪ್ರತಿ ಟೈಮ್‌ಔಟ್‌ನಲ್ಲಿ ಒರೆಸಿ.

ಇಷ್ಟೆಲ್ಲ ಸರಿಯಾಗಿ ಅಳೆದ ಮೇಲೂ ಒಂದು ಮ್ಯಾಚಿನ ಶೇಕಡಾವಾರು ಹೆಚ್ಚು ಹೇಳುವುದಿಲ್ಲ. ನಿಜವಾಗಿ ಶೇ. 40 ಹಾಕುವ ಆಟಗಾರ 10 ಶಾಟ್ ಹಾಕಿದರೆ, ಮೂರು ಮ್ಯಾಚಿಗೊಮ್ಮೆ ಅವನ ಲೆಕ್ಕ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 6 ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಬರೀ ಅದೃಷ್ಟದ ಆಟ. ಕೋಚ್‌ಗಳು 2 ಬಿದ್ದ ದಿನ ಬೈದು, 6 ಬಿದ್ದ ದಿನ ಬೆನ್ನು ತಟ್ಟುತ್ತಾರೆ, ಎರಡೂ ದಿನ ಹುಡುಗ ಅವನೇ. 100 ಶಾಟ್ ಆದ ಮೇಲೂ ಶೇಕಡಾವಾರು 10 ಅಂಕ ಆಚೀಚೆ ಇರಬಹುದು. 400 ಆದರೆ 5 ಅಂಕ. ನಾಲ್ಕು ಪಟ್ಟು ಶಾಟ್ ಹಾಕಿದರೆ ಅನುಮಾನ ಅರ್ಧವಾಗುತ್ತದೆ, ಅದಕ್ಕಿಂತ ಬೇಗ ಕರಗುವುದಿಲ್ಲ. ಇಬ್ಬರಲ್ಲಿ ಯಾರನ್ನು ಆಡಿಸಬೇಕು ಎಂಬ ತೀರ್ಮಾನವನ್ನು 42 ಮತ್ತು 38ರ ನಡುವಿನ ವ್ಯತ್ಯಾಸದ ಮೇಲೆ ಮಾಡುವವರು ನಾಣ್ಯ ಚಿಮ್ಮಿದರೂ ಆದೀತು.

ಪ್ರಾಕ್ಟೀಸಿನಲ್ಲಿ ಶಾಟ್‌ಗಳಿಗೆ ಬರವಿಲ್ಲ, ಆದರೆ ಅಲ್ಲಿನ ಅಂಕಿ ಮೋಸಗಾರ. ಒಂದೇ ಜಾಗದಲ್ಲಿ ನಿಂತು, ಸ್ನೇಹಿತ ಚೆಂಡು ಎತ್ತಿಕೊಡುತ್ತಿರಲು, ಸತತ 10 ಹಾಕಿದರೆ ಮೂರನೆಯದರ ಹೊತ್ತಿಗೆ ಕೈಗೆ ದೂರ ಗೊತ್ತಾಗಿರುತ್ತದೆ. ಮ್ಯಾಚಿನಲ್ಲಿ ಆ ಮೊದಲ ಶಾಟ್ ಒಂದೇ ಸಿಗುವುದು. ಐದು ಜಾಗ ಗುರುತಿಸಿ, ಪ್ರತಿ ಶಾಟ್‌ಗೂ ಜಾಗ ಬದಲಿಸಿ, ಓಡಿ ಬಂದು ಪಾಸ್ ಹಿಡಿದು ಹೊಡೆಯಲಿ. 60 ಸೆಕೆಂಡಿನ ಸುತ್ತು, ಎಷ್ಟಕ್ಕೆ ಎಷ್ಟು ಎಂದು ಎರಡನ್ನೂ ಬರೆಯಿರಿ. ಬಿದ್ದದ್ದನ್ನು ಮಾತ್ರ ಎಣಿಸುವ ‘50 ಹಾಕೋವರೆಗೆ ಮನೆಗೆ ಹೋಗೋ ಹಂಗಿಲ್ಲ’ ಪದ್ಧತಿ ಬೆವರಿಗೆ ಒಳ್ಳೆಯದು, ಅಳತೆಗಲ್ಲ. ಫ್ರೀ ಥ್ರೋವನ್ನೂ ಎರಡೆರಡೇ ಹಾಕಿಸಿ, ನಡುವೆ ಕೋರ್ಟಿನ ಉದ್ದ ಒಂದು ಓಟ. ಬೇಸಿಗೆ ಶಿಬಿರದಲ್ಲಿ ಬೆಳಿಗ್ಗೆ ಆರರಿಂದ ಎಂಟರೊಳಗೆ ದಿನಕ್ಕೆ 20 ಸಾಕು, 20 ದಿನಕ್ಕೆ 400 ಆಯಿತು. ಮೊದಲನೆಯ ಫ್ರೀ ಥ್ರೋ, ಎರಡನೆಯದು ಬೇರೆ ಬೇರೆ ಕಾಲಂನಲ್ಲಿ ಬರೆದರೆ ಇನ್ನೂ ಚೆನ್ನ. ಮೊದಲನೆಯದರಲ್ಲೇ ತಪ್ಪುವವನ ತೊಂದರೆ ಓಟದ ಏದುಸಿರಿನದಿರಬಹುದು, ಕೈಯದಲ್ಲ.

ದಕ್ಷತೆಯ ಪಟ್ಟಿ ಗೋಡೆಗೆ ಅಂಟಿಸಿದ ಕೂಡಲೇ ಇನ್ನೊಂದು ರೋಗ ಶುರುವಾಗುತ್ತದೆ: ಶಾಟ್ ಹಾಕಲು ಹಿಂದೇಟು. ಶಾಟ್ ಹಾಕಲು ಇರುವ 24 ಸೆಕೆಂಡ್ ಮುಗಿಯುತ್ತಾ ಬಂದಾಗ ಚೆಂಡನ್ನು ಬಿಸಿ ಕೆಂಡದಂತೆ ಪಕ್ಕದವನಿಗೆ ದಾಟಿಸುವುದು, ಕ್ವಾರ್ಟರ್ ಕೊನೆಯಲ್ಲಿ ಅರ್ಧ ಕೋರ್ಟಿನಿಂದ ಎಸೆಯದೆ ಗಂಟೆ ಹೊಡೆಯುವವರೆಗೆ ಹಿಡಿದುಕೊಳ್ಳುವುದು. ಎನ್‌ಬಿಎಯಲ್ಲೇ ಇದು ಎಷ್ಟು ಬೆಳೆಯಿತೆಂದರೆ 2025–26ರಿಂದ ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ ಕ್ಷಣದ ಅಂಥ ದೂರದ ಎಸೆತ ತಪ್ಪಿದರೆ ಅದನ್ನು ಆಟಗಾರನ ಲೆಕ್ಕಕ್ಕೆ ಹಾಕದೆ ತಂಡದ ಲೆಕ್ಕಕ್ಕೆ ಬರೆಯುತ್ತಾರೆ. ನಮ್ಮ ಹಾಳೆಯಲ್ಲೂ ಕೆಳಗೆ ‘ತಂಡ’ ಎಂಬ ಒಂದು ಸಾಲು ಇಟ್ಟು ಅಂಥವನ್ನು ಅಲ್ಲಿಗೆ ಹಾಕುವುದೇ ಒಳ್ಳೆಯದು. ಟರ್ನೋವರ್ ಕೂಡ ಟ್ರೂ ಶೂಟಿಂಗ್‌ನಲ್ಲಿ ಕಾಣುವುದಿಲ್ಲ. ಆರು ಸಲ ಚೆಂಡು ಕಳೆದವನೂ ಉಳಿದ ಏಳು ಶಾಟ್‌ನಲ್ಲಿ ಮಿಂಚಬಹುದು. ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ತಂಡದ ಗೆಲುವಿಗೆ ಹಂಚಿದ ತೂಕ ಸ್ಥೂಲವಾಗಿ ಶೂಟಿಂಗ್‌ಗೆ 40, ಟರ್ನೋವರ್‌ಗೆ 25, ರೀಬೌಂಡ್‌ಗೆ 20, ಫ್ರೀ ಥ್ರೋಗೆ 15. ಶೂಟಿಂಗ್ ದೊಡ್ಡಣ್ಣ ಹೌದು, ಮನೆಯಲ್ಲಿ ಅವನೊಬ್ಬನೇ ಇಲ್ಲ.

ಕೊನೆಗೆ ತ್ರೀ-ಆನ್-ತ್ರೀ. ಅರ್ಧ ಕೋರ್ಟ್, ಮೂವರು ಹುಡುಗರು ಸಾಕಾಗುವುದರಿಂದ ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದ ಆಟ. ಆದರೆ ಐವರ ಆಟದ ಸೂತ್ರವನ್ನು ಅಲ್ಲಿಗೆ ಹಾಗೇ ಹೊತ್ತೊಯ್ದರೆ ಎಲ್ಲವೂ ತಲೆಕೆಳಗು. ಅಲ್ಲಿ ಕಮಾನಿನೊಳಗೆ 1, ಹೊರಗೆ 2. ಹೊರಗಿನದು ಒಳಗಿನದರ ಒಂದೂವರೆ ಪಟ್ಟಲ್ಲ, ಪೂರಾ ಎರಡು ಪಟ್ಟು. ಒಳಗೆ ಶೇ. 50 ಹಾಕುವವನಿಗೆ ಹೊರಗೆ ಶೇ. 25 ಬಿದ್ದರೂ ಸಮ. ಹಾಗಾಗಿ ಅರ್ಧ ಸೇರಿಸುವ ಬದಲು, ಬಿದ್ದ ಹೊರಗಿನ ಶಾಟ್‌ಗಳನ್ನು ಪೂರ್ತಿ ಇನ್ನೊಮ್ಮೆ ಸೇರಿಸಿ ಭಾಗಿಸಬೇಕು. 0.44ನ್ನು ಅಲ್ಲಿ ಮುಟ್ಟಲೇಬೇಡಿ. ಕಮಾನಿನೊಳಗೆ ಶಾಟ್ ಹಾಕುವಾಗ ಫೌಲ್ ಆದರೆ ಸಿಗುವುದು ಒಂದೇ ಫ್ರೀ ಥ್ರೋ, ಅಂದರೆ ಒಂದು ಫ್ರೀ ಥ್ರೋ ಒಂದು ಇಡೀ ಅವಕಾಶ. ಹೊರಗೆ ಫೌಲ್ ಆದರೆ ಎರಡು, ತಂಡದ ಫೌಲ್ 7 ಮುಟ್ಟಿದ ಮೇಲೂ ಎರಡು. ಕಂಸದ ಪದ್ಧತಿ ಮಾತ್ರ ಹಾಗೆಯೇ ನಡೆಯುತ್ತದೆ: ಪಾಯಿಂಟನ್ನು ಶಾಟ್ ಮತ್ತು ಕಂಸಗಳ ಮೊತ್ತದಿಂದ ಭಾಗಿಸಿದರೆ ಆಯಿತು, ಎರಡು ಪಟ್ಟು ಬೇಡ. 10 ನಿಮಿಷ ಅಥವಾ 21 ಪಾಯಿಂಟ್, 12 ಸೆಕೆಂಡಿನ ಶಾಟ್ ಕ್ಲಾಕ್, ಬಾಸ್ಕೆಟ್ ಬಿದ್ದರೂ ಆಟ ನಿಲ್ಲುವುದಿಲ್ಲ. ಕೂಗುವವನಿಗೆ ಉಸಿರು ತೆಗೆಯಲೂ ಪುರುಸೊತ್ತಿಲ್ಲದ ಕಾರಣ, ಇಲ್ಲಿ ಒಂದೊಂದು ತಂಡಕ್ಕೆ ಒಬ್ಬೊಬ್ಬ ಕೂಗುವವನನ್ನು ಇಟ್ಟುಕೊಳ್ಳಿ.